ಕಡ್ಡಿ ಊಟ

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಚನ್ನವೀರಪ್ಪನವರು ಚೀನಾಕ್ಕೆ ಹೊರಡುವ ಮೊದಲು ಎರಡು ತಿಂಗಳು ಚಾಪ್‌ಸ್ಟಿಕ್ ಕಡ್ಡಿಗಳಲ್ಲೇ ಉಂಡರು.

"ಅನ್ನ ಆರಿ ಹೋತು, ಕೈ ಹಚ್ಚರಿ," ಎಂದು ಹೆಂಡತಿ ನೀಲವ್ವ ಗೋಗರೆದಳು.

"ಕೈ ಹಚ್ಚಿದ್ರ ಅಲ್ಲಿ ಮರ್ಯಾದಿನೂ ಹೋಗ್ತೈತಿ, ವ್ಯಾಪಾರನೂ ಹೋಗ್ತೈತಿ!"

ಮೈ ಎಂಟು ಕಿಲೋ ಇಳಿಯಿತು, ವಿದ್ಯೆ ಮಾತ್ರ ಹತ್ತಿತು. ಶಾಂಘೈನ ಔತಣದಲ್ಲಿ ಅವರು ಜಾರುವ ಅಣಬೆಯನ್ನು ಒಂದೇ ಸಲಕ್ಕೆ ಎತ್ತಿ ಬಾಯಿಗಿಟ್ಟು, ಹೊಗಳಿಕೆಗಾಗಿ ತಲೆಯೆತ್ತಿದರು. ಯಾರೂ ನೋಡುತ್ತಿರಲಿಲ್ಲ. ಎದುರಿಗೆ ಕೂತ, ಮೆಣಸಿನಕಾಯಿ ಕೊಳ್ಳುವ ಚೀನೀ ಕಂಪನಿಯ ಹನ್ನೊಂದು ಮಂದಿಯೂ ಕೋಟು ಬಿಚ್ಚಿ, ತೋಳು ಮಡಚಿ, ನೂಡಲ್ಸನ್ನು ಬರಿಗೈಯಲ್ಲಿ ಕಲಸುತ್ತಿದ್ದರು. ಮೊಣಕೈವರೆಗೂ ಎಣ್ಣೆ ಸುರಿಸಿಕೊಂಡಿದ್ದ ಯಜಮಾನ ಸಂಕೋಚದಿಂದ ಏನೋ ಕೇಳಿದ.

ದುಭಾಷಿ ಬಗ್ಗಿ ಹೇಳಿದ: "ನಿಮ್ಮ ಮರ್ಯಾದೆಗೆ ಅಂತ ಎಲ್ಲರೂ ಕೈಯಲ್ಲಿ ಉಣ್ಣೋದು ಕಲಿತಿದ್ದಾರೆ ಸಾರ್. ಸೂಪು ಮಾತ್ರ ಬೆರಳಲ್ಲಿ ನಿಲ್ಲುತ್ತಿಲ್ಲವಂತೆ, ನೀವು ಹೇಗೆ ಹಿಡೀತೀರಿ ಅಂತ ಕೇಳುತ್ತಿದ್ದಾರೆ."