ಮೂರು ಸಿಗರೇಟಿನ ಹೊತ್ತು

ಆ ಬೆಳಿಗ್ಗೆ ಮಂಜು ಹೊಸ್ತಿಲು ದಾಟಿ ಒಳಗೇ ಬಂದು ಕೂತಿತ್ತು. ನೆಲದ ಮೇಲಿನ ಮರದ ಹೊಟ್ಟು ಕೂಡ ಒದ್ದೆಯಾಗಿ ಅಂಗಾಲಿಗೆ ಮೆತ್ತಿಕೊಳ್ಳುತ್ತಿತ್ತು. ಬಡಗಿ ಉಳಿಗಳನ್ನು ಒರೆಸಿ ಇಡುತ್ತಿರುವಾಗಲೇ ಪಕ್ಕದ ಬೀದಿಯ ಅಜ್ಜಿ ಬಂದರು. ಒಂದು ಕೈಯಲ್ಲಿ ಮಗುವಿನ ಕುರ್ಚಿ, ಇನ್ನೊಂದು ಕೈಯಲ್ಲಿ ಅದರ ಕಾಲು.

"ಮೊನ್ನೆ ತಾನೆ ಕೊಟ್ಟಿದ್ದಪ್ಪ ನೀನು. ಪುಣ್ಯಕ್ಕೆ ಬೆಕ್ಕು ಕೂತಿತ್ತು. ಮೊಮ್ಮಗಳು ಕೂತಿದ್ದಿದ್ರೆ?"

ಬಡಗಿ ಎರಡನ್ನೂ ಕೈಗೆ ತೆಗೆದುಕೊಂಡ. ಮೂವತ್ತು ವರ್ಷದಲ್ಲಿ ಅವನು ಮರಕ್ಕೆ ಮರ ಕೂಡಿಸಿದ ಒಂದು ಕಚ್ಚೂ ಬಿಟ್ಟುಕೊಂಡದ್ದಿಲ್ಲ. ಕಾಲನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ತಪ್ಪು ಮರದ್ದಲ್ಲ, ಕಚ್ಚಿನದೂ ಅಲ್ಲ. ಅಂಟು ಹಿಡಿಯುವ ಮೊದಲೇ ತಾನು ಕ್ಲ್ಯಾಂಪಿನ ಬಿಗಿ ಬಿಚ್ಚಿಬಿಟ್ಟಿದ್ದಾನೆ.

"ಈಗಲೇ ಮಾಡಿಕೊಡ್ತೀನಿ ಅಜ್ಜಿ."

"ಮಾಡು. ನಾನು ಇಲ್ಲೇ ಕೂತಿರ್ತೀನಿ. ಕುರ್ಚಿ ಇಲ್ದೆ ಹೋದ್ರೆ ಆ ಬೆಕ್ಕು ನನ್ನ ಮುಖ ನೋಡಲ್ಲ."

ಮೂಲೆಯಲ್ಲಿ ಒಂದು ಬಾಗಿಲಿಗೆ ಪಾಲಿಶ್ ಎಳೆಯುತ್ತಿದ್ದವನು ಬಡಗಿಯ ಅಕ್ಕನ ಗಂಡ. ಕೆಲಸದಲ್ಲೂ ಜೊತೆಗಾರ, ಕಾಲೆಳೆಯುವುದರಲ್ಲೂ ಮುಂದು. ತಲೆ ಎತ್ತದೆಯೇ ಅಂದ: "ಇಪ್ಪತ್ತು ದಿನ ಆಯ್ತು ಅಜ್ಜಿ, ಸಿಗರೇಟು ಬಿಟ್ಟು. ಪಾಪ, ಇವನ ಗಡಿಯಾರವೇ ನಿಂತುಹೋಗಿದೆ."

ಅಜ್ಜಿ ನಕ್ಕರು. ಬಡಗಿ ನಗಲಿಲ್ಲ. ಭಾವ ಹೇಳಿದ್ದು ಅಕ್ಷರಶಃ ನಿಜ. ಅಂಟು ಹಚ್ಚಿ, ಕ್ಲ್ಯಾಂಪು ಬಿಗಿದು, ಹೊರಗಿನ ಕಟ್ಟೆಯ ಮೇಲೆ ಕೂತು ನಿಧಾನವಾಗಿ ಮೂರು ಸಿಗರೇಟು ಸೇದಿ ಎದ್ದರೆ ಅಂಟು ಹಿಡಿದಿರುತ್ತಿತ್ತು. ಬಿಸಿಲಿನ ದಿನ ಅಂಟು ಬೇಗ ಆರುತ್ತದೆ, ಸಿಗರೇಟೂ ಬೇಗ ಉರಿಯುತ್ತದೆ. ಥಂಡಿಯಲ್ಲಿ ಎರಡೂ ನಿಧಾನ. ಗೋಡೆಯ ಗಡಿಯಾರಕ್ಕೆ ಇದೆಲ್ಲ ಏನು ಗೊತ್ತು? ಎದೆಯೊಳಗೆ ಸಿಳ್ಳೆ ಕೇಳತೊಡಗಿ, ಡಾಕ್ಟರು ಇನ್ನು ಸೇದಬೇಡ ಅಂದ ದಿನ ಪೊಟ್ಟಣ ಎಸೆದು ಬಂದಿದ್ದ. ಅದರ ಜೊತೆ ಕೈಯ ಅಳತೆಯನ್ನೂ ಎಸೆದು ಬಂದಿದ್ದಾನೆಂದು ಇವತ್ತು ತಿಳಿಯಿತು.

ಹಳೆಯ ಅಂಟನ್ನು ಕೆರೆದ, ಹೊಸದು ಹಚ್ಚಿದ, ಕ್ಲ್ಯಾಂಪು ಬಿಗಿದ. ಉಳಿದ ಒಂದು ಹನಿಯನ್ನು ಮರದ ತುಂಡಿನ ಮೇಲೆ ಬಿಟ್ಟು ಪಕ್ಕದಲ್ಲಿಟ್ಟುಕೊಂಡ. ಕೈ ಖಾಲಿಯಾದದ್ದೇ ತಡ, ಗಂಟಲಿನ ಬುಡದಿಂದ ಆಸೆ ಎದ್ದಿತು. ಇಷ್ಟು ದಿನ ಅಂಗಲಾಚುತ್ತಿದ್ದದ್ದು ಇವತ್ತು ನ್ಯಾಯ ಹೇಳುತ್ತಿತ್ತು: ಇದು ಚಟವಲ್ಲ, ಕಸುಬು. ಕೂಸು ಬಿದ್ದರೆ ಯಾರು ಹೊಣೆ?

ಎದ್ದುಹೋಗಿ ತಗ್ಗಿದ ದನಿಯಲ್ಲಿ ಕೇಳಿದ: "ಭಾವ, ಒಂದು ಸಾಲ ಕೊಡಿ."

"ಸೇದೋಕಾ?"

"ಹೊತ್ತು ನೋಡೋಕೆ."

"ಆಹಾ, ಹೊತ್ತು ನೋಡೋಕೆ! ನಿಮ್ಮಕ್ಕಂಗೆ ಗೊತ್ತಾದ್ರೆ ನನ್ನ ಚರ್ಮ ಸುಲಿದು ಒಣಗಿಸ್ತಾಳೆ." ಆದರೂ ಮೊಣಕೈಯಿಂದ ಜೇಬು ತೋರಿಸಿದ. "ಒಂದೇ ತಗೋ. ಸಾಲ ಅಂದಿದೀಯ, ನೆನಪಿರಲಿ. ಕಡ್ಡಿಪೆಟ್ಟಿಗೆ ಮಾತ್ರ ಈಗ ಇಲ್ಲಿ ತೆಗೀಬೇಡ. ಪಾಲಿಶ್ ಇರೋ ಕಡೆ ಬೆಂಕಿ ಬೇಡ. ಈ ಬಾಗಿಲಿಗೆ ಇನ್ನೊಂದು ಕೈ ಎಳೆದು ಹೊರಗೆ ಬರ್ತೀನಿ, ಕಾದಿರು."

ಬಡಗಿ ಸಿಗರೇಟನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು, ಕುರ್ಚಿಯನ್ನೂ ಹನಿಯಿದ್ದ ಮರದ ತುಂಡನ್ನೂ ಹೊತ್ತು ತಂದು ಕಟ್ಟೆಯ ಮೇಲೆ ಕೂತ. ಅಜ್ಜಿ ಪಕ್ಕದಲ್ಲಿ ಕೂತರು. ಆಸೆ ಏರಿತು. ನಾಲಿಗೆ ಒಣಗಿತು, ಬೆರಳು ತಾನಾಗಿ ಕಿವಿಯತ್ತ ಹೋಯಿತು. ಮುಂದಿನದೆಲ್ಲ ಬೇಡ ದೇವರೇ, ಈ ಒಂದು ಆಸೆಯನ್ನು ದಾಟಿಸು ಎಂದು ಮನಸ್ಸಿನಲ್ಲೇ ಅಂದುಕೊಂಡು ಬೆರಳನ್ನು ತಂದು ಅಂಟಿನ ಹನಿಯ ಮೇಲಿಟ್ಟ. ಎಳೆದರೆ ನೂಲಿನಂತೆ ಬಂತು. ನೂಲನ್ನೇ ನೋಡುತ್ತ ಕೂತ. ಆಸೆ ತುದಿ ಮುಟ್ಟಿತು, ಅಲ್ಲಿ ಸ್ವಲ್ಪ ನಿಂತಿತು, ಮತ್ತೆ ತಾನೇ ಇಳಿಯಿತು. ಹೆಚ್ಚುಕಡಿಮೆ ಒಂದು ಸಿಗರೇಟಿನ ಹೊತ್ತು.

ಅಜ್ಜಿ ಮೊಮ್ಮಗಳ ಹಲ್ಲಿನ ಸುದ್ದಿ ತೆಗೆದಾಗ ಎರಡನೆಯದು ಬಂತು, ಹೋಯಿತು. ಮೂರನೆಯದು ಏರುತ್ತಿರುವಾಗ ಭಾವ ಕೈ ತೊಳೆದು ಒರೆಸಿಕೊಂಡು ಬಂದು ಕಡ್ಡಿಪೆಟ್ಟಿಗೆ ಚಾಚಿದ.

"ತಡೀರಿ ಭಾವ. ಮೂರನೇದು ನಡೀತಿದೆ."

"ಏನು ಮೂರನೇದು? ಇನ್ನೂ ಕಡ್ಡಿನೇ ಗೀರಿಲ್ಲ!"

"ಆಸೆ," ಅಂದ ಬಡಗಿ.

ಭಾವ ಕಡ್ಡಿಪೆಟ್ಟಿಗೆ ಮಡಿಲಲ್ಲಿಟ್ಟುಕೊಂಡು ಕೂತ. ಮೂರನೆಯದೂ ಇಳಿಯಿತು. ಬಡಗಿ ಹನಿಯನ್ನು ಮುಟ್ಟಿದ. ನೂಲು ಇರಲಿಲ್ಲ, ಆದರೆ ಬೆರಳಿಗೆ ಇನ್ನೂ ಅಂಟುತ್ತಿತ್ತು. "ಥಂಡಿ. ಇನ್ನೊಂದು ಬೇಕು."

ಇಪ್ಪತ್ತು ದಿನ ಆಸೆಯ ಹೆಜ್ಜೆ ಸಪ್ಪಳಕ್ಕೇ ಹೆದರಿ ಬಾಗಿಲು ಹಾಕಿಕೊಳ್ಳುತ್ತಿದ್ದವನು ಈಗ ಅದರ ದಾರಿ ಕಾದ. ಅದು ಬಹಳ ತಡವಾಗಿ, ದಣಿದ ನೆಂಟನ ಹಾಗೆ ಬಂತು. ಇದ್ದಷ್ಟು ಹೊತ್ತು ಇದ್ದು ಎದ್ದು ಹೋಯಿತು.

ಕ್ಲ್ಯಾಂಪು ಬಿಚ್ಚಿ ಬಡಗಿ ಕುರ್ಚಿಯ ಮೇಲೆ ಮೊಣಕಾಲೂರಿ ಮೈಭಾರವನ್ನೆಲ್ಲ ಬಿಟ್ಟ. ಕಿರ್ ಅನ್ನಲಿಲ್ಲ. "ಇವತ್ತೊಂದು ದಿನ ಯಾರನ್ನೂ ಕೂರಿಸಬೇಡಿ. ನಾಳೆ ಕೂಸನ್ನ ಕೂರಿಸಿ, ನಾನು ಹೊಣೆ," ಅಂದ. ಅಜ್ಜಿ ಕುರ್ಚಿಯನ್ನು ಸೊಂಟಕ್ಕೆ ಏರಿಸಿಕೊಂಡು ಮಂಜಿನೊಳಗೆ ನಡೆದರು.

ಅವರು ಕಾಣದಾದ ಮೇಲೆ ಬಡಗಿ ಕಿವಿಯ ಹಿಂದಿದ್ದುದನ್ನು ತೆಗೆದು ಭಾವನ ಅಂಗೈಯಲ್ಲಿಟ್ಟ. ಅಷ್ಟು ಹೊತ್ತು ಅಲ್ಲಿ ಕೂತು ಅದು ಕಿವಿಯ ಹಾಗೇ ಬಾಗಿತ್ತು.