ಅರ್ಥ ಆಯ್ತಾ?

ಕಿರುಪರೀಕ್ಷೆಯಲ್ಲಿ ತರಗತಿಯ ಅರ್ಧಕ್ಕರ್ಧ ಮಕ್ಕಳು ಫೇಲಾಗಿದ್ದರು. ಕೆಲಸಕ್ಕೆ ಸೇರಿ ಇನ್ನೂ ಮೊದಲ ಸೆಮಿಸ್ಟರ್ ಮುಗಿಸದ ಉಪನ್ಯಾಸಕಿ, ಹೊಸಬರ ಪಾಠ ತಿದ್ದಲೆಂದೇ ವಿಶ್ವವಿದ್ಯಾಲಯ ನೇಮಿಸಿದ್ದ ಹಿರಿಯ ಪ್ರಾಧ್ಯಾಪಕರ ಎದುರು ಕೂತಿದ್ದಳು. ಅವರು ಒಪ್ಪಿದರಷ್ಟೇ ಅವಳ ಕೆಲಸ ಖಾಯಂ.

“ಪಾಠ ಮುಗಿದ ಮೇಲೆ ದಿನಾ ಕೇಳ್ತಿದ್ದೆ ಸರ್, ಅರ್ಥ ಆಯ್ತಾ ಅಂತ. ಎಲ್ಲರೂ ಆಯ್ತು ಮೇಡಂ ಅಂತಿದ್ರು.”

“ಅಲ್ಲೇ ನೀವು ಎಡವಿದ್ದು. ಮಾರ್ಕ್ಸ್ ಕೊಡೋರ ಮುಂದೆ ಯಾರು ತಾನೇ ಆಗ್ಲಿಲ್ಲ ಅಂತಾರೆ? ಬಾಯಿ ಹೇಳೋದನ್ನ ನಂಬಬೇಡಿ. ಮುಖ ನೋಡಿ.”

“ಆದ್ರೆ ಅವರ ಹೆದರಿಕೆ ಬಿಡಿಸೋದು ಹೇಗೆ ಸರ್?”

ಅವರು ಕನ್ನಡಕ ತೆಗೆದಿಟ್ಟು, ಕಣ್ಣು ಮುಚ್ಚಿಕೊಂಡು, ಕಲಿಕೆಯ ಹಂತಗಳು, ಕಲಿಕೆಯ ಫಲಗಳು, ಮೌಲ್ಯಮಾಪನದ ಮಾದರಿಗಳು ಎಂದು ವಿವರಿಸುತ್ತ ಹೋದರು. ತಂದಿಟ್ಟ ಕಾಫಿ ತಣ್ಣಗಾಯಿತು. ತನ್ನ ಪ್ರಶ್ನೆ ಎಲ್ಲಿ ಕಳೆದುಹೋಯಿತೆಂದು ಅವಳಿಗೆ ತಿಳಿಯಲೇ ಇಲ್ಲ.

ಕೊನೆಗೆ ಅವರು ಮೀಟಿಂಗಿಗೆ ಹೊತ್ತಾಯಿತೆಂದು ಎದ್ದು, ಮೊಬೈಲಿನಿಂದ ತಲೆಯೆತ್ತದೆ ಕೇಳಿದರು.

“ಅರ್ಥ ಆಯ್ತಾ?”

“ಆಯ್ತು ಸರ್,” ಎಂದಳು.