ಮೂರನೇ ಸಾಲಿನ ಕಿಟಕಿ

"ಈ ಪಟ್ಟಿ ಎಳದ್ರ ಹಿಂದಿನ ಸೀಟು ಮಡಚ್ತದ ನೋಡ್ರಿ ಮಾವಾರೆ. ಮಂದೀನೂ ಹಿಡೀತಾರ, ಸಾಮಾನೂ ಹಿಡೀತದ," ಎಂದು ವಿವೇಕಾನಂದ ಗಾಜಿಪುರದ ಮನೆಯ ಮುಂದೆ ಏಳು ಸೀಟಿನ ಗಾಡಿಯ ಡಿಕ್ಕಿ ತೆರೆದು ಮತ್ತೊಮ್ಮೆ ತೋರಿಸಿದ. ದೀಪಾವಳಿಗೆ ಈ ಗಾಡಿಯನ್ನೇ ಕೊಳ್ಳಬೇಕೆಂದು ಹಟ ಹಿಡಿದವನು ಅವನೇ, ಮನೆಯ ಅಳಿಯ. ಮಾವ ದೌಲಪ್ಪನಿಗೂ ಹಿಗ್ಗು. ಮನೆಮಂದಿಯೆಲ್ಲ ಕೂಡಿಯೇ ಹೋಗಬಹುದಲ್ಲ! ಇವತ್ತು ಬಸವಕಲ್ಯಾಣಕ್ಕೆ.

ಯಾರು ಎಲ್ಲಿ ಕೂಡಬೇಕೆಂದು ಯಾರೂ ಹೇಳಬೇಕಾಗಲಿಲ್ಲ. ಸ್ಟೇರಿಂಗಿಗೆ ಮಗ ಮಹಾದೇವ, ಪಕ್ಕದಲ್ಲಿ ದೌಲಪ್ಪ. ನಡುವಿನ ಸಾಲಿನಲ್ಲಿ ಅಳಿಯ, ರೇಷ್ಮೆ ಸೀರೆಯ ಮಗಳು ಅಂಜನಾ, ದೌಲಪ್ಪನ ಹೆಂಡತಿ ಮೊಣಕಾಲು ನೋವಿನ ಅಂಬಮ್ಮ. ಮೂರನೇ ಸಾಲಿನಲ್ಲಿ ರೊಟ್ಟಿ ಗಂಟು, ರೊಟ್ಟಿಗೆ ನಂಚಿಕೊಳ್ಳುವ ಶೇಂಗಾ ಹಿಂಡಿಯ ಡಬ್ಬಿ, ನೀರಿನ ಕ್ಯಾನು, ಸೊಸೆ ವಿದ್ಯಾವತಿ.

"ಕಮಲಾಪುರದಾಗ ಅರ್ಧಾ ತಾಸು ನಿಲ್ಲಸ್ತೀರಲ್ರಿ?" ಎಂದು ಅವಳು ಹಿಂದಿನಿಂದ ಗಂಡನನ್ನು ಕೇಳಿದಳು. "ಅವ್ವನ ಕಣ್ಣಿನ ಆಪರೇಷನ್ ಆದಮ್ಯಾಲ ನಾ ಹೋಗೇ ಇಲ್ಲ."

"ನಿಲ್ಲಸೂಣು, ನಿಲ್ಲಸೂಣು."

ಮೊದಲಾದರೆ ನೆನಪಾದಾಗ ಬಸ್ಸು ಹತ್ತಿ ತವರಿಗೆ ಹೋಗಿ ಸಂಜೆಗೆ ಬರುತ್ತಿದ್ದಳು. ಗಾಡಿ ಬಂದ ಮೇಲೆ, "ಬಾಗಿಲದಾಗ ಗಾಡಿ ನಿಂತಾಗ ನಮ್ಮ ಮನಿ ಸೊಸಿ ಬಸ್ ಹತ್ತೂದಾ?" ಎಂದು ದೌಲಪ್ಪ ತಡೆದಿದ್ದ. ಗಾಡಿಗೆ ಮಾತ್ರ ಕಮಲಾಪುರದ ಕಡೆ ಒಮ್ಮೆಯೂ ಕೆಲಸ ಬಿದ್ದಿರಲಿಲ್ಲ.

ಜಗತ್ ಸರ್ಕಲ್ಲಿನ ಗದ್ದಲದಲ್ಲಿ ಗಾಡಿ ನಿಂತಾಗ ಹಿಂದಿನ ಗಾಜಿಗೆ ಬಿಸಿಲು ಬಡಿಯಿತು. "ರೀ, ಈ ಕಿಟಕಿ ಹ್ಯಾಂಗ ತಗೀಬೇಕು?"

"ಅದು ತಗಿಯಂಗಿಲ್ಲ. ಎಸಿ ಅದಲ್ಲ," ಎಂದ ಮಹಾದೇವ. ಎಸಿಯ ಗಾಳಿ ಅಂಬಮ್ಮನ ಸೆರಗಿನ ತನಕ ಬಂದು ಅಲ್ಲಿಂದಲೇ ಮರಳಿ ಹೋಗುತ್ತಿತ್ತು.

ದಾರಿಯುದ್ದಕ್ಕೂ ದೌಲಪ್ಪ ಕಲ್ಯಾಣದ ಮಹಿಮೆ ಹೇಳಿದ. "ಶರಣರಾಗ ಮ್ಯಾಲಿನವರು ಇಲ್ಲ, ಕೆಳಗಿನವರು ಇಲ್ಲ. ಎಲ್ಲಾರೂ ಒಂದೇ ಸಾಲಿನಾಗ ಕುಂತೋರು!" ಮೂರನೇ ಸಾಲಿಗೆ ಅದು ಪೂರ್ತಿ ಕೇಳಿಸಲಿಲ್ಲ.

ಕಮಲಾಪುರದ ರಸ್ತೆ ಬದಿಯಲ್ಲಿ ವಿದ್ಯಾವತಿಯ ಅವ್ವ ಕಪ್ಪು ಕನ್ನಡಕ ಹಾಕಿಕೊಂಡು, ಕೆಂಪು ಬಾಳೆಯ ಗೊನೆಯೊಂದನ್ನು ಕಾಲ ಬಳಿ ಇಟ್ಟುಕೊಂಡು ನಿಂತಿದ್ದಳು. ಮಹಾದೇವ ಎಂಜಿನ್ ಆರಿಸಲಿಲ್ಲ. "ನೀ ಇಳೀಬೇಕಂದ್ರ ನಡುವಿನ ಸೀಟು ಮಡಚಬೇಕು. ನಮ್ಮವ್ವನ್ನ ಇಳಿಸಬೇಕು, ಭಾವನ್ನ ಇಳಿಸಬೇಕು. ಯಾಕ ಸುಮ್ಮನ? ಅಲ್ಲಿಂದಾನೇ ಮಾತಾಡಿಬಿಡು."

ಅವ್ವ ಹಿಂದಿನ ಗಾಜಿಗೆ ಅಂಗೈ ಹಚ್ಚಿ ಒಳಗೆ ಇಣುಕಿದಳು. ಕಪ್ಪು ಗಾಜಿನ ಆಚೆ ಇರುವುದು ಮಗಳೋ ಗಂಟೋ, ಹೊಸ ಕಣ್ಣಿಗೆ ತಿಳಿಯಲಿಲ್ಲ. ತುಟಿ ಆಡುತ್ತಿದ್ದುದಷ್ಟೇ ವಿದ್ಯಾವತಿಗೆ ಕಂಡಿತು.

"ಬಾಳಿಗೊನಿ ಇಡ್ಲಾಕ ಡಿಕ್ಕಿ ತಗಿಯೋ, ಮಹಾದೇವಾ," ಎಂದ ದೌಲಪ್ಪ. ಸಾಮಾನಿಗಾದರೆ ಬಾಗಿಲು ಕೂಡಲೇ ತೆರೆಯಿತು. ಮಹಾದೇವ ಇಳಿದು ಹೋಗಿ ಡಿಕ್ಕಿ ಎತ್ತಿ ಗೊನೆಗೆ ಕೈ ಹಾಕುವುದರೊಳಗೆ, ವಿದ್ಯಾವತಿ ಗಂಟು ಸರಿಸಿ ಪಕ್ಕದ ಸೀಟಿನ ಪಟ್ಟಿ ಎಳೆದಳು. ಸೀಟು ಮಡಚಿತು. ನೆರಿಗೆ ಎತ್ತಿ ಕಟ್ಟಿಕೊಂಡು ಅದರ ಮೇಲಿಂದ ದಾಟಿ, ಡಿಕ್ಕಿಯಿಂದ ನೆಲಕ್ಕೆ ಇಳಿದೇಬಿಟ್ಟಳು.

"ಏ ವಿದ್ಯಾ, ಇದೇನು ಹುಚ್ಚಾಟ!" ಎಂದು ದೌಲಪ್ಪ ಮುಂದಿನಿಂದ ಕೂಗಿದ.

"ಅಣ್ಣಾರು ಮುಂಜಾನಿ ತೋರಿಸಿದ್ರಲ್ರಿ ಮಾವಾರೆ. ಭಾಳ ಛಲೋ ಗಾಡಿ," ಎಂದಳು, ವಿವೇಕಾನಂದನ ಕಡೆ ನೋಡಿ, ಅವ್ವನ ಕೈ ಹಿಡಿದುಕೊಂಡು. "ನೀವು ಹೋಗಿಬರ್ರಿ. ನಾ ಸಂಜಿಕ್ಕ ಬಸ್ಸಿಗಿ ಮನಿಗಿ ಬರ್ತೀನಿ. ಆಧಾರ್ ಕಾರ್ಡ್ ನನ್ನ ಹಂತ್ಯಾಕೇ ಅದ, ಟಿಕೀಟಿಗೆ ರೊಕ್ಕ ಬೇಕಾಗಂಗಿಲ್ಲ. ಬಸ್ಸಿನಾಗ ಇಳೀಬೇಕಂದ್ರ ಯಾರನ್ನೂ ಎಬ್ಬಸೂ ತ್ರಾಸ ಇಲ್ಲ."

ತಾಯಿ ಮಗಳು ಚಹಾದ ಅಂಗಡಿ ಕಡೆ ನಡೆದರು. ಗಾಡಿ ಹೊರಟ ತುಸು ಹೊತ್ತಿಗೇ ಹಿಂದೆ ನೀರಿನ ಕ್ಯಾನು ಉರುಳಿತು, ಹಿಂಡಿಯ ಡಬ್ಬಿ ಬಿತ್ತು.

"ಸಾಮಾನು ಯಾರರೆ ಹಿಡಕೋಬೇಕಲ್ಲ?" ಎಂದ ದೌಲಪ್ಪ. ಅವನು ಹಿರಿಯ. ಅಂಬಮ್ಮನಿಗೆ ಮೊಣಕಾಲು. ಅಂಜನಾ ತನ್ನ ರೇಷ್ಮೆ ಸೀರೆ ನೋಡಿಕೊಂಡಳು. ಎಲ್ಲರೂ ಅಳಿಯನ ಮುಖ ನೋಡಿದರು.

ಮುಂದೆ ಹುಮನಾಬಾದ್ ದಾಟುವಾಗ ಹಿಂಡಿಯ ಡಬ್ಬಿ ಅಳಿಯನ ತೊಡೆಯ ಮೇಲಿತ್ತು. ಆಮೇಲೆ ಮೂರನೇ ಸಾಲಿನಿಂದ, ಗದ್ದಕ್ಕೆ ತಾಗಿದ ಮೊಣಕಾಲುಗಳ ನಡುವಿನಿಂದ, ಮೆತ್ತಗೆ ದನಿ ಬಂತು: "ಮಹಾದೇವಾ, ಈ ಕಿಟಕಿ ಹ್ಯಾಂಗ ತಗೀಬೇಕೋ?"

ಅಂಬಮ್ಮ ಹೊರಳಿ ನೋಡಲಿಲ್ಲ. ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಅಂದಳು:

"ಅದು ಬರೇ ಹೊರಗ ನೋಡ್ಲಾಕ ಅದರಿ, ಅಳಿಯಂದ್ರೆ."